ಮೀಟರ್ ಮೇಜು: ಮುಳ್ಳು ಮುಟ್ಟುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಹಳೇ ಮುಳ್ಳಿನ ಮೀಟರ್‌ಗಳ ಬಗ್ಗೆಯೇ ಇವೆ. ದಾವಣಗೆರೆ ಸೀಮೆಯಲ್ಲಿ ಇದು ಸಹಜ. ಇಲ್ಲಿನ ಕಾಟನ್ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಅವುಗಳ ಪ್ಯಾನಲ್ ಬೋರ್ಡುಗಳು ಗುಜರಿ ಅಂಗಡಿ ಸೇರಿದವು. ಅಲ್ಲಿಂದ ರಿವೈಂಡಿಂಗ್ ಅಂಗಡಿ, ಕಾಲೇಜು ಲ್ಯಾಬು, ಮನೆಯ ಅಟ್ಟ ಹೀಗೆ ಹಂಚಿಹೋದವು. ನಾನು ಕೆಲಸ ಕಲಿತದ್ದೂ ಒಂದು ಮಿಲ್ಲಿನ ಎಲೆಕ್ಟ್ರಿಕಲ್ ಖಾತೆಯಲ್ಲೇ. ಈಗಲೂ ಆ ಮೀಟರ್‌ಗಳನ್ನು ಬಿಚ್ಚಿದರೆ ಒಳಗೆ ಹತ್ತಿಯ ಎಳೆ ಸಿಗುತ್ತದೆ. ಅವುಗಳಲ್ಲಿ ಬಹಳಷ್ಟು ಇನ್ನೂ ಬದುಕಿವೆ. ಕೆಟ್ಟಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಮೀಟರ್ ತಪ್ಪು ತೋರಿಸಿದ ಕೂಡಲೇ ಸ್ಕ್ರೂ ತಿರುಗಿಸುತ್ತಾರೆ, ಯಾಕೆ ತಪ್ಪಾಯಿತು ಅಂತ ನೋಡುವುದಿಲ್ಲ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಬರಲೇಬೇಕು.

ಪ್ರಶ್ನೆ: ಸರ್, ನಮ್ಮದು 7.5 ಹೆಚ್.ಪಿ. ಸಬ್‌ಮರ್ಸಿಬಲ್ ಪಂಪು. ಮೋಟಾರ್ ಬಂದ್ ಮಾಡಿದರೂ ಸ್ಟಾರ್ಟರ್ ಬೋರ್ಡಿನ ಆಂಪ್ಸ್ ಮೀಟರ್ ಮುಳ್ಳು 3ರ ಮೇಲೆ ನಿಲ್ಲುತ್ತದೆ. ಓಡುವಾಗ 15 ತೋರಿಸುತ್ತದೆ. ಮೊದಲು 12 ಇರುತ್ತಿತ್ತು. ಮೋಟಾರ್ ಎತ್ತಿಸಬೇಕು ಅಂತ ಮೆಕ್ಯಾನಿಕ್ ಹೇಳುತ್ತಾನೆ. ಎತ್ತಿಸಲಾ?
ಜಗಳೂರು ತಾಲ್ಲೂಕಿನ ರೈತರು

ಉತ್ತರ: ಈಗಲೇ ಎತ್ತಿಸಬೇಡಿ. ಆಳದ ಬೋರಿನಿಂದ ಮೋಟಾರ್ ಎತ್ತಿ ಇಳಿಸುವ ಖರ್ಚು ನಿಮಗೇ ಗೊತ್ತು. ಮೊದಲು ಒಂದು ಕ್ಲ್ಯಾಂಪ್ ಮೀಟರ್ (ವೈರ್ ಬಿಚ್ಚದೆ, ಅದನ್ನು ಸುತ್ತಿ ಹಿಡಿದು ಆಂಪ್ಸ್ ಅಳೆಯುವ ಮೀಟರ್) ತರಿಸಿ, ಮೋಟಾರ್ ಓಡುವಾಗ ಮೂರೂ ಫೇಸಿನ ವೈರಿಗೆ ಒಂದೊಂದಾಗಿ ಹಾಕಿ ನೋಡಿ. ಮೂರರಲ್ಲೂ 12ರ ಆಸುಪಾಸು ಬಂದರೆ ತಪ್ಪು ಮೀಟರಿನದು. 15 ಬಂದರೆ ಅಥವಾ ಒಂದು ಫೇಸಿನಲ್ಲಿ ಮಾತ್ರ ಜಾಸ್ತಿ ಬಂದರೆ ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಥ ಇದೆ. ಅದೇ ಹೊತ್ತಿಗೆ ವೋಲ್ಟೇಜೂ ನೋಡಿ. ಲೋಡ್ ಮೇಲಿರುವ ಮೋಟಾರಿಗೆ ವೋಲ್ಟೇಜ್ ಇಳಿದರೆ ಆಂಪ್ಸ್ ಏರುತ್ತದೆ. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಪಂಪು ಹಾಕಿದಾಗ ಹೀಗಾಗುವುದುಂಟು.

15ರಲ್ಲಿ 3 ಕಳೆದರೆ 12, ಹಾಗಾಗಿ ಮೋಟಾರ್ ಸರಿ ಇದೆ ಅಂತಲೂ ಲೆಕ್ಕ ಹಾಕಬೇಡಿ. ಸ್ಟಾರ್ಟರ್ ಬೋರ್ಡಿನಲ್ಲಿ ಇರುವುದು ಮೂವಿಂಗ್ ಐರನ್ ಮೀಟರ್, ಅಂದರೆ ಒಳಗಿನ ಕಬ್ಬಿಣದ ತುಂಡು ಸರಿದು ಮುಳ್ಳು ತಿರುಗಿಸುವ ಜಾತಿ. ಅದರ ಡಯಲ್ ನೋಡಿ. ಶುರುವಿನ ಅಂಕಿಗಳು ಒತ್ತೊತ್ತಾಗಿವೆ, ಮುಂದೆ ಹೋದಂತೆ ಬಿಡಿಬಿಡಿಯಾಗಿವೆ. ಕೆಳಗಡೆ 3 ಆಂಪ್ಸ್ ಅಂದರೆ ಮುಳ್ಳು ಕೂದಲೆಳೆಯಷ್ಟು ಸರಿದಿದೆ ಅಷ್ಟೇ. ಮೇಲ್ಗಡೆ ಅಷ್ಟೇ ಸರಿತ ಅರ್ಧ ಆಂಪ್ಸೂ ಆಗಲಿಕ್ಕಿಲ್ಲ. ಆದ್ದರಿಂದ ನಿಮ್ಮ ಮೀಟರಿನಲ್ಲಿ ಸೊನ್ನೆಯ ತಪ್ಪಿನ ಜೊತೆ ಇನ್ನೊಂದು ತಪ್ಪೂ ಸೇರಿರಬಹುದು, ಅಥವಾ ಮೋಟಾರ್ ನಿಜಕ್ಕೂ ಜಾಸ್ತಿ ಎಳೆಯುತ್ತಿರಬಹುದು. ಅದಕ್ಕೇ ಕ್ಲ್ಯಾಂಪ್ ಮೀಟರ್ ಹಾಕಿ ಅಂದದ್ದು.

ಸೊನ್ನೆ ತಪ್ಪಲು ಕಾರಣ ಸಾಮಾನ್ಯವಾಗಿ ಸ್ಟಾರ್ಟಿಂಗ್ ಹೊಡೆತ. ಶುರುವಾಗುವ ಕ್ಷಣ ಮೋಟಾರ್ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಮುಳ್ಳು ಹೋಗಿ ಕೊನೆಯ ತಡೆಗೆ ಬಡಿಯುತ್ತದೆ. ದಿನಾ ಬಡಿದರೆ ಬಾಗುತ್ತದೆ. ಮೇನ್ ಆಫ್ ಮಾಡಿ, ಫ್ಯೂಸ್ ಕ್ಯಾರಿಯರ್ ಕೈಯಲ್ಲಿ ಇಟ್ಟುಕೊಂಡು, ಮೀಟರ್ ಮುಖದ ಮೇಲಿನ ಸೊನ್ನೆ ಸ್ಕ್ರೂವನ್ನು ನಿಧಾನ ತಿರುಗಿಸಿ. ಮುಳ್ಳು ಬಂದರೆ ಸರಿ. ಬರದಿದ್ದರೆ ಮುಚ್ಚಳ ತೆಗೆದು ನೋಡಿ. ಹೊಲದ ಬೋರ್ಡುಗಳಲ್ಲಿ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಂದು ಎಚ್ಚರಿಕೆ. ಮೀಟರಿಗೆ ಸಿ.ಟಿ. (ಕರೆಂಟನ್ನು ಇಳಿಸಿ ಮೀಟರಿಗೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಮೂಲಕ ಕರೆಂಟ್ ಬರುವ ಬೋರ್ಡಾಗಿದ್ದರೆ, ಮೋಟಾರ್ ಓಡುವಾಗ ಮೀಟರಿನ ವೈರ್ ಬಿಚ್ಚಲೇಬಾರದು. ತೆರೆದ ಸಿ.ಟಿ. ತುದಿಯಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಹುಟ್ಟುತ್ತದೆ. ಮೇನ್ ಆಫ್ ಮಾಡಿಯೇ ಬಿಚ್ಚಿ. ಬಿಚ್ಚಿದ ತುದಿಗಳನ್ನು ಒಂದಕ್ಕೊಂದು ಕೂಡಿಸಿ ಬಿಗಿ ಮಾಡಿ.

ಆಂಪ್ಸ್ ಮೀಟರ್ ಸರಿ ಮಾಡಿಸದೆ ಹಾಗೇ ಬಿಡಬೇಡಿ. ಬೋರಿನಲ್ಲಿ ನೀರು ಕಡಿಮೆಯಾಗಿ ಪಂಪು ಗಾಳಿ ಎಳೆಯತೊಡಗಿದರೆ ಮೊದಲು ಹೇಳುವುದು ಅದೇ. ಮುಳ್ಳು ಇಳಿಯುತ್ತದೆ.

ಪ್ರಶ್ನೆ: ಫ್ರಿಜ್ಜಿನ ಹಳೇ ಸ್ಟೆಬಿಲೈಜರ್ ಮೀಟರಿನ ಗಾಜನ್ನು ಒಣಬಟ್ಟೆಯಲ್ಲಿ ಒರೆಸಿದ ಮೇಲೆ ಮುಳ್ಳು ಅರ್ಧಕ್ಕೆ ಹೋಗಿ ನಿಂತುಬಿಟ್ಟಿದೆ. ಪ್ಲಗ್ ಕಿತ್ತರೂ ಇಳಿಯುವುದಿಲ್ಲ. ಒರೆಸಿದ್ದಕ್ಕೆ ಕೆಟ್ಟುಹೋಯಿತಾ?
ದಾವಣಗೆರೆಯ ಗೃಹಿಣಿ

ಉತ್ತರ: ಏನೂ ಕೆಟ್ಟಿಲ್ಲ ಅಮ್ಮಾ. ಅದು ಗಾಜಲ್ಲ, ಪ್ಲಾಸ್ಟಿಕ್. ಒಣಬಟ್ಟೆಯಲ್ಲಿ ಉಜ್ಜಿದಾಗ ಅದರ ಮೇಲೆ ಸ್ಟ್ಯಾಟಿಕ್ ಕರೆಂಟ್ ಕೂರುತ್ತದೆ. ಮುಳ್ಳು ತೀರಾ ಹಗುರ. ಆ ಸೆಳೆತಕ್ಕೆ ಮೇಲೆದ್ದು ನಿಂತಿದೆ. ಇಲ್ಲಿಯ ಮಾರ್ಚ್, ಏಪ್ರಿಲ್ ತಿಂಗಳ ಒಣ ಗಾಳಿಯಲ್ಲಿ ಇದು ಬಹಳ. ಪ್ಲಗ್ ಕಿತ್ತಿದ್ದೀರಿ, ಹಾಗೇ ಇರಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ನೀರಿಗೆ ಹಾಕಿ, ಮೆತ್ತನೆ ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ, ಹಗುರವಾಗಿ ಸವರಿ. ಉಜ್ಜಬೇಡಿ. ಮುಳ್ಳು ತಾನಾಗಿ ಇಳಿಯುತ್ತದೆ. ಆ ತೆಳು ಪದರ ಹಾಗೇ ಒಣಗಲಿ, ಮುಂದೆಯೂ ಕಾಪಾಡುತ್ತದೆ. ನೀರು ಅಂಚಿನಿಂದ ಒಳಗೆ ಇಳಿಯದಂತೆ ನೋಡಿಕೊಳ್ಳಿ. ಇದೇ ಕಾರಣಕ್ಕೆ ಎಷ್ಟೋ ಜನ ಸುಮ್ನೆ ಸೊನ್ನೆ ಸ್ಕ್ರೂ ತಿರುಗಿಸಿ ಒಳ್ಳೆಯ ಮೀಟರನ್ನು ತಪ್ಪು ಮಾಡಿರುತ್ತಾರೆ.

ಪ್ರಶ್ನೆ: ಎಣ್ಣೆ ಮಿಲ್ಲಿನ ಹಳೇ ಬೋರ್ಡಿನಿಂದ ಒಂದು ಎ.ಸಿ. 300 ವೋಲ್ಟ್ ಮೀಟರ್, ಒಂದು ಡಿ.ಸಿ. 30 ವೋಲ್ಟ್ ಮೀಟರ್ ಸಿಕ್ಕಿವೆ. ಡಯಲ್ ಮೇಲೆ 1.5 ಅಂತ ಬರೆದಿದೆ. ಅಂಗಡಿಯಲ್ಲೇ ಕ್ಯಾಲಿಬ್ರೇಟ್ ಮಾಡುವುದು ಹೇಗೆ? ಡಿಜಿಟಲ್ ಮೀಟರ್ ಪಕ್ಕ ಇಟ್ಟು ಮುಳ್ಳು ಹೊಂದಿಸಿದರೆ ಸಾಕಲ್ವಾ?
ಚಳ್ಳಕೆರೆಯ ಮೋಟಾರ್ ರಿವೈಂಡಿಂಗ್ ಅಂಗಡಿಯವರು

ಉತ್ತರ: ಸಾಲದು. ಒಂದು ಕಡೆ ಹೊಂದಿಸಿದರೆ ಇನ್ನೊಂದು ಕಡೆ ತಪ್ಪುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಈ ಕೆಲಸದ ಸಾರ ಇಲ್ಲೇ ಇದೆ.

ಮೊದಲು ಡಯಲ್ ಓದಿ. 1.5 ಅಂದರೆ ಪೂರ್ತಿ ಸ್ಕೇಲಿನ ಶೇಕಡಾ ಒಂದೂವರೆಯಷ್ಟು ತಪ್ಪಿಗೆ ಅವಕಾಶ ಇದೆ. 300 ವೋಲ್ಟಿಗೆ ಅದು ನಾಲ್ಕೂವರೆ ವೋಲ್ಟ್. 230ರಲ್ಲಿ ನಾಲ್ಕೂವರೆ ಹೆಚ್ಚೇನಲ್ಲ. ಆದರೆ 60 ವೋಲ್ಟ್ ಅಳೆಯುವಾಗಲೂ ಅದೇ ನಾಲ್ಕೂವರೆ, ಅಂದರೆ ಶೇಕಡಾ ಏಳೂವರೆ. ಆದ್ದರಿಂದ ಮುಳ್ಳಿನ ಮೀಟರನ್ನು ಯಾವಾಗಲೂ ಸ್ಕೇಲಿನ ಮೇಲಿನ ಅರ್ಧದಲ್ಲಿ ಓದುವಂತೆ ಆರಿಸಬೇಕು. ಡಯಲ್ ಮೇಲೆ ನೆಟ್ಟಗೆ ನಿಲ್ಲಿಸುವ ಅಥವಾ ಮಲಗಿಸುವ ಗುರುತೂ ಇರುತ್ತದೆ. ನಿಲ್ಲಿಸುವ ಮೀಟರನ್ನು ಮೇಜಿನ ಮೇಲೆ ಮಲಗಿಸಿ ಹೊಂದಿಸಬೇಡಿ. ನಕ್ಷತ್ರದ ಒಳಗೆ 2 ಅಂತ ಇದ್ದರೆ ಅದು 2000 ವೋಲ್ಟಿಗೆ ಇನ್ಸುಲೇಷನ್ ಟೆಸ್ಟ್ ಆದ ಮೀಟರ್. ನಮ್ಮ ದೇಶದ ಇಂಥ ಮೀಟರ್‌ಗಳಿಗೆ ಐ.ಎಸ್. 1248 ಅನ್ನುವ ಮಾನಕ ಇದೆ.

ನಿಮ್ಮ ಡಿಜಿಟಲ್ ಮೀಟರ್ ಹಳೇ ಮೀಟರಿಗಿಂತ ನಾಲ್ಕು ಪಟ್ಟಾದರೂ ನಿಖರವಾಗಿರಬೇಕು. ಅದರ ಪುಸ್ತಕದಲ್ಲಿ ಎಷ್ಟು ಶೇಕಡಾ ಅಂತ ನೋಡಿ. ಅರ್ಧ ಶೇಕಡಾದ ಮೀಟರ್ 1.5ಕ್ಕೆ ಸ್ವಲ್ಪ ಬಿಗಿ, ಆದರೂ ಅಂಗಡಿ ಕೆಲಸಕ್ಕೆ ನಡೆಯುತ್ತದೆ. ಗಿರಾಕಿಗೆ ಸರ್ಟಿಫಿಕೇಟ್ ಬೇಕಾದರೆ ಮಾನ್ಯತೆ ಪಡೆದ ಲ್ಯಾಬಿಗೇ ಕಳಿಸಿ.

ಈಗ ಡಿ.ಸಿ. ಮೀಟರ್ ತೆಗೆದುಕೊಳ್ಳಿ. ಕರೆಂಟ್ ಕೊಡದೆ ಸೊನ್ನೆ ನೋಡಿ. ಆಮೇಲೆ ಮೀಟರನ್ನು ಕೈಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ವಾಲಿಸಿ, ಮಲಗಿಸಿ. ಸೊನ್ನೆ ಕದಲಿದರೆ ಮುಳ್ಳಿನ ಬುಡದಲ್ಲಿರುವ ಬ್ಯಾಲೆನ್ಸ್ ತೂಕಗಳು ಸರಿದಿವೆ. ಸ್ಕೇಲಿನಲ್ಲಿ 6, 12, 18, 24, 30 ಈ ಐದು ಕಡೆ ಏರುತ್ತಾ ಓದಿ, ಮತ್ತೆ ಇಳಿಯುತ್ತಾ ಓದಿ. ಬರೆದಿಟ್ಟುಕೊಳ್ಳಿ. ಡಯಲಿನಲ್ಲಿ ಕನ್ನಡಿ ಪಟ್ಟಿ ಇದ್ದರೆ ಮುಳ್ಳೂ ಅದರ ಬಿಂಬವೂ ಒಂದಾಗುವಂತೆ ಕಣ್ಣಿಟ್ಟು ಓದಿ.

ಆ ಹಾಳೆಯೇ ರೋಗ ಹೇಳುತ್ತದೆ. ಎಲ್ಲ ಕಡೆಯೂ ಒಂದೇ ಅಳತೆಯ ತಪ್ಪು, ಉದಾಹರಣೆಗೆ ಅರ್ಧ ವೋಲ್ಟ್ ಜಾಸ್ತಿ, ಇದ್ದರೆ ಸೊನ್ನೆ ತಪ್ಪಿದೆ ಅಥವಾ ಮುಳ್ಳು ಬಾಗಿದೆ. ಮೇಲೆ ಹೋದಂತೆ ತಪ್ಪೂ ಅದೇ ಪ್ರಮಾಣದಲ್ಲಿ ಬೆಳೆದರೆ ಒಳಗಿನ ಸೀರೀಸ್ ರೆಸಿಸ್ಟರ್, ಮ್ಯಾಗ್ನೆಟ್ ಅಥವಾ ಸ್ಪ್ರಿಂಗ್. ಏರುವಾಗ ಒಂದು, ಇಳಿಯುವಾಗ ಒಂದು ತೋರಿಸಿದರೆ, ಬೆರಳಲ್ಲಿ ತಟ್ಟಿದಾಗ ಮುಳ್ಳು ಜಿಗಿದರೆ, ಪಿವಟ್, ಅಂದರೆ ಮುಳ್ಳು ತಿರುಗುವ ಮೊನೆ, ಉಜ್ಜುತ್ತಿದೆ. ಒಂದು ಅಂಕಿಯವರೆಗೆ ಸರಿ ಹೋಗಿ ಆಮೇಲೆ ಹಿಂದೆ ಬಿದ್ದರೆ ದಾರಿಯಲ್ಲಿ ಏನೋ ಅಡ್ಡ ಇದೆ. ಒಂದು ಎಳೆ ಹತ್ತಿ ಸಾಕು.

ಪ್ರಮಾಣದ ತಪ್ಪು ಕಂಡರೆ ಮೊದಲು ರೆಸಿಸ್ಟರ್ ಅಳೆಯಿರಿ. ಹಳೇ ಕಾರ್ಬನ್ ರೆಸಿಸ್ಟರುಗಳ ಬೆಲೆ ವಯಸ್ಸಾದಂತೆ ಏರುತ್ತದೆ, ಮೀಟರ್ ಕಡಿಮೆ ತೋರಿಸುತ್ತದೆ. ಕೆಲವು ಡಿ.ಸಿ. ಮೀಟರುಗಳಲ್ಲಿ ಮ್ಯಾಗ್ನೆಟ್ ಪಕ್ಕ ಸರಿಸಬಹುದಾದ ಒಂದು ಸಣ್ಣ ಮೆತು ಕಬ್ಬಿಣದ ತುಂಡು ಇರುತ್ತದೆ. ಅದಕ್ಕೆ ಮ್ಯಾಗ್ನೆಟಿಕ್ ಶಂಟ್ ಅನ್ನುತ್ತಾರೆ. ರೆಸಿಸ್ಟರ್ ಕೆಟ್ಟಿದ್ದರೂ ಅದನ್ನು ಸರಿಸಿ ಅಂಕಿ ಕೂಡಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಮುಂದೆ ಆ ಮೀಟರ್ ಯಾರ ಕೈಗೆ ಹೋದರೂ ಅವರಿಗೆ ನಿಜವಾದ ತಪ್ಪು ಸಿಗುವುದಿಲ್ಲ. ಬೇರೆಲ್ಲ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಕೊನೆಯದಾಗಿ ಮುಟ್ಟುವ ಜಾಗ ಅದು.

ಪಿವಟ್‌ಗೆ ಎಣ್ಣೆ ಬೇಡ. ಒಂದು ಹನಿಯೂ ಬೇಡ. ಉಕ್ಕಿನ ಮೊನೆ ಹರಳಿನ ಕುಳಿಯಲ್ಲಿ ಒಣಗಿಯೇ ತಿರುಗಬೇಕು. ಎಣ್ಣೆ ಹಾಕಿದರೆ ಧೂಳು ಹಿಡಿದು ಅಂಟಾಗುತ್ತದೆ, ಹರಿದು ಸ್ಪ್ರಿಂಗ್ ಸುರುಳಿಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಮೊನೆ ಮೊಂಡಾಗಿದ್ದರೆ ಹಳೇ ವಾಚ್ ರಿಪೇರಿಯವರ ಹತ್ತಿರ ಹೋಗಿ, ಅವರ ಕೈ ನಮ್ಮದಕ್ಕಿಂತ ಹದ. ಮತ್ತೆ, ರಿವೈಂಡಿಂಗ್ ಮೇಜಿನ ಮೇಲೆ ಮೀಟರ್ ಬಿಚ್ಚಬೇಡಿ. ಅಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಮ್ಯಾಗ್ನೆಟ್ ಅದನ್ನು ಎಳೆದುಕೊಂಡರೆ ಆ ಇಕ್ಕಟ್ಟಿನಿಂದ ತೆಗೆಯುವುದು ಬಲು ಕಷ್ಟ. ಬಿದಿರು ಕಡ್ಡಿಯ ತುದಿಗೆ ಅಂಟು ಟೇಪ್ ಸುತ್ತಿ ಒಂದೊಂದೇ ಕಣ ಎತ್ತಬೇಕು. ಕಾಯಿಲ್ ಒಳಗಿನ ಕಬ್ಬಿಣದ ತಿರುಳನ್ನೋ ಮ್ಯಾಗ್ನೆಟ್ಟನ್ನೋ ಬೇರೆ ಮಾಡಿದರೆ ಹಳೇ ಮ್ಯಾಗ್ನೆಟ್ ಬಲ ಕಳೆದುಕೊಳ್ಳುತ್ತದೆ. ಅದನ್ನು ಬಿಚ್ಚದೆ ಕೆಲಸ ಮುಗಿಸುವುದೇ ಜಾಣತನ.

ಎ.ಸಿ. ಮೀಟರಿಗೆ ವೇರಿಯಾಕ್, ಅಂದರೆ ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್, ಬೇಕಾಗುತ್ತದೆ. ವೇರಿಯಾಕ್ ಕಡಿಮೆ ವೋಲ್ಟ್ ತೋರಿಸಿದರೂ ಅದು ಮೇನ್ ಲೈನಿಗೇ ಸೇರಿರುತ್ತದೆ, ಶಾಕ್ ಹೊಡೆಯುತ್ತದೆ. ಮುಂದೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಬಿಚ್ಚಿದ ಮೀಟರ್ ಹಚ್ಚಬೇಡಿ.

ಪ್ರಶ್ನೆ: ಗುಜರಿಯಲ್ಲಿ 50 ಮೈಕ್ರೋ ಆಂಪ್ಸ್ ಅಂತ ಬರೆದಿರುವ ಮೀಟರ್ ಸಿಕ್ಕಿತು. ಬದುಕಿದೆಯಾ ಅಂತ ನೋಡುವುದು ಹೇಗೆ? ಇದನ್ನು 30 ವೋಲ್ಟ್ ಮೀಟರ್ ಮಾಡಿಕೊಳ್ಳಬಹುದಾ?
ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಮಾಡಿಕೊಳ್ಳಬಹುದು ತಂಗಿ, ಒಳ್ಳೆಯ ಕೆಲಸ. ಆದರೆ ಹಳೇ ಮಲ್ಟಿಮೀಟರಿನ ಓಂ ರೇಂಜಿನಲ್ಲಿಟ್ಟು ಇದನ್ನು ಟೆಸ್ಟ್ ಮಾಡಬೇಡಿ. ನಿಮ್ಮ ಮೀಟರಿನ ಕಾಯಿಲ್ 2000 ಓಂ ಅಂತ ಇಟ್ಟುಕೊಳ್ಳಿ. ಮಲ್ಟಿಮೀಟರಿನ ಸೆಲ್ಲಿನ ಒಂದೂವರೆ ವೋಲ್ಟ್ ನೇರ ಬಿದ್ದರೆ 750 ಮೈಕ್ರೋ ಆಂಪ್ಸ್ ಹರಿಯುತ್ತದೆ. ತಾಳುವುದಕ್ಕಿಂತ ಹದಿನೈದು ಪಟ್ಟು. ಮುಳ್ಳು ಬಡಿದು ಬಾಗುತ್ತದೆ.

ಒಂದು ಪೆನ್‌ಟಾರ್ಚ್ ಸೆಲ್ಲಿಗೆ 100 ಕಿಲೋ ಓಂ ರೆಸಿಸ್ಟರ್ ಸೀರೀಸ್ ಹಾಕಿ ಮೀಟರಿಗೆ ಕೊಡಿ. 15 ಮೈಕ್ರೋ ಆಂಪ್ಸ್ ಆಯಿತು. ಮುಳ್ಳು 15ರ ಹತ್ತಿರ ನಿಂತರೆ ಕಾಯಿಲ್, ಸ್ಪ್ರಿಂಗ್ ಎರಡೂ ಬದುಕಿವೆ. ಮುಳ್ಳು ಅಲ್ಲಾಡದಿದ್ದರೆ ಕೂಡಲೇ ಕಾಯಿಲ್ ಸುಟ್ಟಿದೆ ಅನ್ನಬೇಡಿ. ಆ ಮೀಟರಿನೊಳಗೆ ಎರಡು ಸುರುಳಿ ಸ್ಪ್ರಿಂಗ್ ಇವೆ, ವಾಚಿನ ಒಳಗಿರುವ ಸ್ಪ್ರಿಂಗಿನಂಥವು. ಮುಳ್ಳನ್ನು ಹಿಂದಕ್ಕೆ ಎಳೆಯುವುದೂ ಅವೇ, ಕಾಯಿಲ್‌ಗೆ ಕರೆಂಟ್ ಮುಟ್ಟಿಸುವುದೂ ಅವೇ. ಸ್ಪ್ರಿಂಗಿನ ತುದಿಯ ಬೆಸುಗೆ ಬಿಟ್ಟಿದ್ದರೂ ಮೀಟರ್ ಸತ್ತಂತೆ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿ.

ಈಗ ಕಾಯಿಲ್ ಎಷ್ಟು ಓಂ ಅಂತ ತಿಳಿಯಬೇಕು. 9 ವೋಲ್ಟ್ ಬ್ಯಾಟರಿ, 150 ಕಿಲೋ ಓಂ ರೆಸಿಸ್ಟರ್, 50 ಕಿಲೋ ಪ್ರೀಸೆಟ್ (ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್), ಮೀಟರ್ ಎಲ್ಲವನ್ನೂ ಸೀರೀಸ್ ಹಾಕಿ. ಬ್ಯಾಟರಿ ಸೇರಿಸುವ ಮೊದಲು ಪ್ರೀಸೆಟ್ ಪೂರ್ತಿ ಬೆಲೆಯಲ್ಲಿ ಇರಲಿ. ನಿಧಾನ ತಿರುಗಿಸಿ ಮುಳ್ಳನ್ನು ಸರಿಯಾಗಿ 50ಕ್ಕೆ ತನ್ನಿ. ಆಮೇಲೆ ಮೀಟರಿನ ಎರಡು ಟರ್ಮಿನಲ್‌ಗೆ ಅಡ್ಡಲಾಗಿ ಇನ್ನೊಂದು 5 ಕಿಲೋ ಪ್ರೀಸೆಟ್ ಹಾಕಿ, ಮುಳ್ಳು 25ಕ್ಕೆ ಇಳಿಯುವವರೆಗೆ ತಿರುಗಿಸಿ. ಈಗ ಅರ್ಧ ಕರೆಂಟ್ ಮೀಟರಿನಲ್ಲಿ, ಅರ್ಧ ಪ್ರೀಸೆಟ್‌ನಲ್ಲಿ. ಅಂದರೆ ಎರಡರ ಓಂ ಒಂದೇ. ಪ್ರೀಸೆಟ್ ಬಿಚ್ಚಿ ಅಳೆಯಿರಿ, ಕಾಯಿಲ್ ಎಷ್ಟು ಅಂತ ಸಿಕ್ಕಿತು. ಒಂದೂವರೆ ವೋಲ್ಟ್ ಸೆಲ್ಲಿನಲ್ಲೂ ಇದನ್ನು ಮಾಡಬಹುದು, ಆದರೆ ತಪ್ಪು ಜಾಸ್ತಿ ಬರುತ್ತದೆ. ಸೀರೀಸ್ ರೆಸಿಸ್ಟರ್ ಎಷ್ಟು ದೊಡ್ಡದೋ ಅಷ್ಟು ಒಳ್ಳೆಯದು.

30 ವೋಲ್ಟಿಗೆ 50 ಮೈಕ್ರೋ ಆಂಪ್ಸ್ ಹರಿಯಬೇಕಾದರೆ ಒಟ್ಟು 600 ಕಿಲೋ ಓಂ. ಕಾಯಿಲ್‌ನ 2 ಕಿಲೋ ಕಳೆದರೆ 598. 560 ಕಿಲೋ, 33 ಕಿಲೋ, ಜೊತೆಗೆ 10 ಕಿಲೋದ ಒಂದು ಪ್ರೀಸೆಟ್ ಹಾಕಿ. ಒಂದು ಶೇಕಡಾದ ಮೆಟಲ್ ಫಿಲ್ಮ್ ರೆಸಿಸ್ಟರೇ ಇರಲಿ.

ಇದನ್ನೇ ಆಂಪ್ಸ್ ಮೀಟರ್ ಮಾಡುವ ಆಸೆ ಬಂದರೆ ಒಂದು ಮಾತು ನೆನಪಿರಲಿ. ಕಾಯಿಲ್ ತಾಮ್ರದ್ದು. ತಾಮ್ರದ ಓಂ ಒಂದು ಡಿಗ್ರಿ ಬಿಸಿಗೆ ಸುಮಾರು 0.39 ಶೇಕಡಾ ಏರುತ್ತದೆ. ಬೆಳಗಿನ 25 ಡಿಗ್ರಿಯಿಂದ ನಮ್ಮ ಬೇಸಿಗೆಯ 40ಕ್ಕೆ ಹೋದರೆ ಆರು ಶೇಕಡಾ. ವೋಲ್ಟ್ ಮೀಟರಿನಲ್ಲಿ 598 ಕಿಲೋ ಮುಂದೆ ಈ 2 ಕಿಲೋ ಲೆಕ್ಕಕ್ಕಿಲ್ಲ. ಆಂಪ್ಸ್ ಅಳೆಯಲು ಮೀಟರಿಗೆ ಅಡ್ಡಲಾಗಿ ಶಂಟ್ ರೆಸಿಸ್ಟರ್ ಹಾಕಿದಾಗ ಮಾತ್ರ ಪೂರ್ತಿ ತಪ್ಪು ಕಾಣುತ್ತದೆ. ಅದಕ್ಕೇ ಕಂಪನಿಯವರು ಕಾಯಿಲ್ ಜೊತೆ ಮ್ಯಾಂಗನಿನ್ ತಂತಿಯ ರೆಸಿಸ್ಟರ್ ಸೀರೀಸ್ ಹಾಕುತ್ತಿದ್ದರು. ತಾಮ್ರ, ಮ್ಯಾಂಗನೀಸ್, ನಿಕ್ಕಲ್ ಸೇರಿದ ಆ ತಂತಿ ಬಿಸಿಗೆ ಹೆಚ್ಚುಕಡಿಮೆ ಕದಲುವುದಿಲ್ಲ. ಹಳೇ ಮೀಟರ್ ಬಿಚ್ಚಿದಾಗ ಇಂಥ ತಂತಿ ಸುತ್ತಿದ ಸಣ್ಣ ಉರುಳೆ ಸಿಕ್ಕರೆ ಎಸೆಯಬೇಡಿ.

ಪ್ರಶ್ನೆ: ಕೈಯಿಂದ ತಿರುಗಿಸುವ ಹಳೇ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಕೊಂಡೆ. ಮುಳ್ಳು ಸೊನ್ನೆಗೂ ಬರುವುದಿಲ್ಲ, ಇನ್ನೊಂದು ತುದಿಗೂ ಹೋಗುವುದಿಲ್ಲ, ಎಲ್ಲೆಂದರಲ್ಲಿ ನಿಲ್ಲುತ್ತದೆ. ಸ್ಪ್ರಿಂಗ್ ಹೋಗಿದೆ ಅಂತ ಕಾಣುತ್ತದೆ. ಸ್ಪ್ರಿಂಗ್ ಎಲ್ಲಿ ಸಿಗುತ್ತದೆ?
ಹರಿಹರದ ಎಲೆಕ್ಟ್ರಿಷಿಯನ್

ಉತ್ತರ: ಹುಡುಕಬೇಡಿ, ಅದರಲ್ಲಿ ಹಿಂದಕ್ಕೆ ಎಳೆಯುವ ಸ್ಪ್ರಿಂಗೇ ಇಲ್ಲ. ಮೆಗ್ಗರಿನಲ್ಲಿ ಒಂದಕ್ಕೊಂದು ಓರೆಯಾಗಿ ಜೋಡಿಸಿದ ಎರಡು ಕಾಯಿಲ್ ಇರುತ್ತವೆ. ಒಂದು ವೋಲ್ಟೇಜಿಗೆ, ಒಂದು ಕರೆಂಟಿಗೆ. ಎರಡರ ಎಳೆತ ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. ಹ್ಯಾಂಡಲ್ ತಿರುಗಿಸದಿದ್ದರೆ ಎಳೆಯುವವರೇ ಇಲ್ಲ, ಎಲ್ಲಿ ಬೇಕಾದರೂ ನಿಲ್ಲಬಹುದು. ಅದು ಆರೋಗ್ಯದ ಲಕ್ಷಣ. ಹ್ಯಾಂಡಲ್ ಸ್ವಲ್ಪ ಜೋರು ನಿಧಾನವಾದರೂ ಓದು ಬದಲಾಗದಿರುವುದೂ ಇದರಿಂದಲೇ.

ಪರೀಕ್ಷೆ ಸುಲಭ. ವೈರ್ ತೆಗೆದು ಹ್ಯಾಂಡಲ್ ತಿರುಗಿಸಿ, ಮುಳ್ಳು ಅನಂತದ ಗುರುತಿಗೆ ಹೋಗಬೇಕು. ಎರಡು ಟರ್ಮಿನಲ್ ಕೂಡಿಸಿ ನಿಧಾನ ತಿರುಗಿಸಿ, ಸೊನ್ನೆಗೆ ಬರಬೇಕು. ಎರಡೂ ಆದರೆ ನಿಮಗೆ ಒಳ್ಳೆಯ ವ್ಯಾಪಾರ ಆಗಿದೆ. ಅನಂತಕ್ಕೆ ಹೋಗದಿದ್ದರೆ ಟರ್ಮಿನಲ್ ನಡುವಿನ ಧೂಳು, ತೇವ ಒರೆಸಿ ಮತ್ತೆ ನೋಡಿ. ಉದ್ದ ಕೇಬಲ್ ಅಥವಾ ದೊಡ್ಡ ಮೋಟಾರ್ ಟೆಸ್ಟ್ ಮಾಡಿದ ಮೇಲೆ ತುದಿಗಳನ್ನು ಅರ್ತ್‌ಗೆ ಮುಟ್ಟಿಸಿ ಚಾರ್ಜ್ ಇಳಿಸುವುದು ಮರೆಯಬೇಡಿ.

ಪ್ರಶ್ನೆ: ನಮ್ಮ ತಂದೆ ಟೆಲಿಫೋನ್ ಇಲಾಖೆಯಲ್ಲಿದ್ದರು. ಅವರ ಏವೋಮೀಟರ್ ಮಾಡೆಲ್ 8 ನನ್ನ ಬಳಿ ಇದೆ. ವೋಲ್ಟ್ ಸರಿಯಾಗಿ ತೋರಿಸುತ್ತದೆ. ಓಂ ಮಾತ್ರ ಸೊನ್ನೆಗೆ ಬರುವುದಿಲ್ಲ. ಇದನ್ನು ಉಳಿಸಿಕೊಳ್ಳಬೇಕು ಅಂತ ಆಸೆ.
ಚಿತ್ರದುರ್ಗದ ನಿವೃತ್ತ ಶಿಕ್ಷಕರು

ಉತ್ತರ: ಖಂಡಿತ ಉಳಿಸಿಕೊಳ್ಳಿ ಸರ್. ಬ್ರಿಟಿಷ್ ಅಂಚೆ ಇಲಾಖೆಯ ಇಂಜಿನಿಯರ್ ಡೊನಾಲ್ಡ್ ಮೆಕಾಡಿ, ಆಂಪ್ಸಿಗೊಂದು ವೋಲ್ಟಿಗೊಂದು ಓಂಗೊಂದು ಮೀಟರ್ ಹೊರುವುದು ಸಾಕಾಗಿ ಮೂರನ್ನೂ ಒಂದರಲ್ಲಿ ಸೇರಿಸಿದ. 1923ರಲ್ಲಿ ಮೊದಲ ಏವೋ ಬಂತು. ನಿಮ್ಮ ಮಾಡೆಲ್ 8 ಶುರುವಾದದ್ದು 1951ರಲ್ಲಿ, ನಿಂತದ್ದು 2008ರಲ್ಲಿ. ಒಂದು ಮೀಟರ್ ಅಷ್ಟು ಕಾಲ ತಯಾರಾಗಬೇಕಾದರೆ ಅದರ ಕಟ್ಟಡ ಎಷ್ಟು ಗಟ್ಟಿ ಇರಬೇಕು ಯೋಚಿಸಿ.

ನೀವು ಬರೆದ ಒಂದು ಸಾಲಿನಲ್ಲೇ ಅರ್ಧ ಉತ್ತರ ಇದೆ. ವೋಲ್ಟ್ ಸರಿ ಅಂದರೆ ಕಾಯಿಲ್, ಮ್ಯಾಗ್ನೆಟ್, ಸ್ಪ್ರಿಂಗ್, ಪಿವಟ್ ಎಲ್ಲವೂ ಸರಿ. ಡಯಲ್ ಗಾಜು ಬಿಚ್ಚುವ ಕಾರಣವೇ ಇಲ್ಲ. ತಪ್ಪು ಬ್ಯಾಟರಿ, ಬ್ಯಾಟರಿಯ ಪತ್ತಿ, ವೈರು, ಸ್ವಿಚ್ಚು ಅಥವಾ ಓಂ ರೇಂಜಿನ ರೆಸಿಸ್ಟರ್ ಇವುಗಳಲ್ಲಿ ಎಲ್ಲೋ ಇದೆ. ಇದೇ ಕ್ರಮದಲ್ಲಿ ನೋಡಿ. ಒಳಗೆ ಎರಡು ಬ್ಯಾಟರಿ ಇರುತ್ತವೆ. ಒಂದೂವರೆ ವೋಲ್ಟಿನದು ಒಂದು, ದೊಡ್ಡ ಓಂ ರೇಂಜಿಗೆ 15 ವೋಲ್ಟಿನದು ಇನ್ನೊಂದು. ಹಳೇ ಸೆಲ್ ಸೋರಿ ಪತ್ತಿಗೆ ಹಸಿರು ಹಿಡಿದಿದ್ದರೆ ಹತ್ತಿಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿ, ನೀರಿನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. 15 ವೋಲ್ಟಿನ ಬ್ಯಾಟರಿ ನಮ್ಮೂರ ಅಂಗಡಿಗಳಲ್ಲಿ ಸಿಗುವುದು ಕಷ್ಟ. 3 ವೋಲ್ಟಿನ ಐದು ಬಟನ್ ಸೆಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ ಅದೇ ಅಳತೆಯ ಕೊಳವೆಗೆ ಹಾಕಿದರೆ ಕೆಲಸ ಆಗುತ್ತದೆ. ಸೆಲ್ಲಿಗೆ ನೇರ ಬೆಸುಗೆ ಮಾತ್ರ ಹಾಕಬೇಡಿ.

ಹೊಸ ಬ್ಯಾಟರಿ ಹಾಕಿದರೂ ಒಂದೇ ಓಂ ರೇಂಜ್ ಕೈಕೊಟ್ಟರೆ, ಯಾರೋ ಆ ರೇಂಜಿನಲ್ಲಿಟ್ಟು ಮೇನ್ ಕರೆಂಟ್ ಮುಟ್ಟಿದ್ದಾರೆ, ರೆಸಿಸ್ಟರ್ ಸುಟ್ಟಿದೆ ಅಂತ ತಿಳಿಯಿರಿ. ಅದನ್ನು ಬದಲಿಸಬಹುದು. ಎಲ್ಲ ಓಂ ರೇಂಜೂ ತೊದಲಿದರೆ ಸ್ವಿಚ್ ಮೇಲೆ ಅನುಮಾನ. ಕರೆಂಟ್ ಏನೂ ಹಚ್ಚದೆ ಎರಡೂ ಗುಂಡಿಗಳನ್ನು ಪೂರ್ತಿ ಸುತ್ತು ಹಲವು ಸಲ ತಿರುಗಿಸಿ. ಬಳಸದೆ ಇಟ್ಟ ಸ್ವಿಚ್ಚಿನ ಕಪ್ಪು ಇಷ್ಟಕ್ಕೇ ಬಿಡುವುದುಂಟು.

ಡಯೋಡ್ ಟೆಸ್ಟ್ ಮಾಡುವಾಗ ಒಂದು ವಿಷಯ ಗಮನಿಸಿ. ಈ ಮೀಟರಿನ ಓಂ ರೇಂಜಿನಲ್ಲಿ ಕಪ್ಪು ವೈರಿನಲ್ಲಿ ಪ್ಲಸ್ ಬರುತ್ತದೆ, ಕೆಂಪಿನಲ್ಲಿ ಮೈನಸ್. ಡಿಜಿಟಲ್ ಮೀಟರಿಗೆ ಒಗ್ಗಿದ ಹುಡುಗರು ಒಳ್ಳೆಯ ಡಯೋಡನ್ನು ಕೆಟ್ಟದ್ದು ಅನ್ನುತ್ತಾರೆ.

ಪ್ರಶ್ನೆ: ಹಳೇ ಮುಳ್ಳಿನ ಮಲ್ಟಿಮೀಟರಿನಲ್ಲಿ ಮನೆ ಕರೆಂಟ್ 230 ತೋರಿಸುತ್ತದೆ. ಇನ್ವರ್ಟರಿಗೆ ಹಾಕಿದರೆ 255. ಇನ್ವರ್ಟರ್ ಟಿ.ವಿ. ಸುಡುತ್ತದೆಯೇ?
ಹೊಸದುರ್ಗದ ಅಂಗಡಿ ಮಾಲೀಕರು

ಉತ್ತರ: ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ ಕೊಡುವ ಜಾತಿಯದಾದರೆ ಅದು 230ನ್ನೇ ಕೊಡುತ್ತಿದೆ. ಮುಳ್ಳಿನ ಮಲ್ಟಿಮೀಟರ್ ಎ.ಸಿ.ಯನ್ನು ರೆಕ್ಟಿಫೈಯರ್ ಮೂಲಕ ಡಿ.ಸಿ. ಮಾಡಿ, ಅದರ ಸರಾಸರಿ ಅಳೆಯುತ್ತದೆ. ಡಯಲ್ ಬರೆಯುವಾಗ ಆ ಸರಾಸರಿಯನ್ನು 1.11ರಿಂದ ಗುಣಿಸಿರುತ್ತಾರೆ. ಮೇನ್ ಲೈನಿನ ಸೈನ್ ವೇವಿಗೆ ಆ ಲೆಕ್ಕ ಸರಿ. ಸ್ಕ್ವೇರ್ ವೇವಿಗೆ ಗುಣಿಸುವ ಅಗತ್ಯವೇ ಇಲ್ಲ, ಆದರೆ ಡಯಲಿಗೆ ಅದು ಗೊತ್ತಿಲ್ಲ. 230ಕ್ಕೆ 1.11 ಹಾಕಿ ನೋಡಿ, 255 ಬರುತ್ತದೆ. ನಡುವೆ ಬಿಡುವು ಕೊಟ್ಟು ಬಿಡುವ ವೇವ್ ಆದರೆ ಮೀಟರ್ ಕಡಿಮೆಯನ್ನೂ ತೋರಿಸಬಹುದು.

ಕಡಿಮೆ ಬೆಲೆಯ ಡಿಜಿಟಲ್ ಮೀಟರುಗಳೂ ಹೀಗೇ ಅಳೆಯುತ್ತವೆ. ಹಾಗಾಗಿ ಎರಡೂ 255 ಅಂದವು ಅಂತ ನಂಬಬೇಡಿ. ಟ್ರೂ ಆರ್.ಎಂ.ಎಸ್. ಅಂತ ಬರೆದ ಮೀಟರ್ ಅಥವಾ ಬೋರ್ಡಿನ ಹಳೇ ಮೂವಿಂಗ್ ಐರನ್ ವೋಲ್ಟ್ ಮೀಟರ್ ಹಚ್ಚಿ ನೋಡಿ. ಆ ಹಳೇ ಮೀಟರಿಗೆ ವೇವ್ ಯಾವ ಆಕಾರದಲ್ಲಿದ್ದರೂ ಬಹುಪಾಲು ಸರಿಯಾದ ಅಂಕಿ ಸಿಗುತ್ತದೆ. ಈ ಕಾರಣಕ್ಕೆ ನನಗೆ ಅದರ ಮೇಲೆ ವಿಶೇಷ ಗೌರವ.

ಪ್ರಶ್ನೆ: ನಮ್ಮ ಹಳೇ ಮನೆಯಲ್ಲಿ ಇನ್ನೂ ಚಕ್ರ ತಿರುಗುವ ಮೀಟರ್ ಇದೆ. ಜೋರಾಗಿ ಓಡುತ್ತಿದೆ ಅಂತ ಅನುಮಾನ. ನೀವು ಬಂದು ಬಿಚ್ಚಿ ಸರಿ ಮಾಡುತ್ತೀರಾ? ಪ್ಲೇಟಿನ ಮೇಲೆ ಯೂನಿಟ್ಟಿಗೆ 600 ಸುತ್ತು ಅಂತ ಇದೆ.
ಹೊಳಲ್ಕೆರೆಯ ಓದುಗರು

ಉತ್ತರ: ಇಲ್ಲ, ನಾನೂ ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ಬಿಲ್ಲಿನ ಮೀಟರಿಗೆ ಸೀಲ್ ಇರುತ್ತದೆ. ಅದನ್ನು ಒಡೆಯುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅಪರಾಧ. 135 ಮತ್ತು 138ನೇ ಸೆಕ್ಷನ್ ಓದಿ.

ಹೊರಗಿನಿಂದಲೇ ಪರೀಕ್ಷೆ ಮಾಡಬಹುದು. ಮನೆಯ ಎಲ್ಲ ಸ್ವಿಚ್ ಆರಿಸಿ. ಚಕ್ರ ನಿಲ್ಲಬೇಕು. ನಿಲ್ಲದಿದ್ದರೆ ಮೀಟರಿಗಿಂತ ಮೊದಲು ಮನೆಯ ವೈರಿಂಗ್ ಲೀಕ್ ನೋಡಿಸಿ. ನಿಂತರೆ, 100 ವಾಟಿನ ಹಳೇ ಬಲ್ಬ್ ಒಂದನ್ನೇ ಹಚ್ಚಿ. 600 ಸುತ್ತಿನ ಮೀಟರಿನಲ್ಲಿ ಚಕ್ರ ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು ಬರಬೇಕು. ಹತ್ತು ಸುತ್ತಿಗೆ ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿ. ವೋಲ್ಟೇಜ್ ಏರಿದರೆ ಬಲ್ಬೂ ಜಾಸ್ತಿ ಎಳೆಯುವುದರಿಂದ ಸ್ವಲ್ಪ ಹೆಚ್ಚುಕಡಿಮೆ ಬರುವುದು ಸಹಜ. ಎರಡು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಲೆಕ್ಕ ಬರೆದು, ಮೀಟರ್ ಟೆಸ್ಟ್ ಮಾಡಿಕೊಡಿ ಅಂತ ಬೆಸ್ಕಾಂ ಕಚೇರಿಗೆ ಅರ್ಜಿ ಕೊಡಿ.

ಪ್ರಶ್ನೆ: ಮಿಲಿಟರಿ ಡಿಸ್ಪೋಸಲ್‌ನಿಂದ ಬಂದ ಎರಡನೇ ಮಹಾಯುದ್ಧ ಕಾಲದ ಮೀಟರ್ ಇದೆ. ಅಂಕಿಗಳ ಮೇಲೆ ದಪ್ಪನೆಯ ಕಂದು ಹಳದಿ ಬಣ್ಣ. ಕೆರೆದು ಹೊಸದಾಗಿ ಬರೆಯಲಾ?
ಚಿತ್ರದುರ್ಗದ ಹಳೇ ವಸ್ತು ಸಂಗ್ರಾಹಕರು

ಉತ್ತರ: ಕೆರೆಯಬೇಡಿ. ಮುಚ್ಚಳವನ್ನೂ ತೆಗೆಯಬೇಡಿ. ಕತ್ತಲಲ್ಲಿ ಹೊಳೆಯಲಿ ಅಂತ ಆ ಕಾಲದಲ್ಲಿ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಈಗ ಹೊಳೆಯುವುದಿಲ್ಲ ಅಂದರೆ ಅದರಲ್ಲಿನ ಹೊಳೆಯುವ ಪುಡಿ ಸವೆದಿದೆ ಅಷ್ಟೇ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು, ವಿಕಿರಣ ಹಾಗೇ ಇದೆ. ಆ ಬಣ್ಣದ ಪುಡಿ ಉಸಿರಿನಲ್ಲಿ ಒಳಗೆ ಹೋದರೆ ರೇಡಿಯಂ ಮೂಳೆಯಲ್ಲಿ ಕೂರುತ್ತದೆ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ, ಮಲಗುವ ಕೋಣೆಯಿಂದ ದೂರ ಇಡಿ. ಇದೊಂದು ಮೀಟರನ್ನು ರಿಪೇರಿ ಮಾಡದೆ ಬಿಡುವುದೇ ಸರಿ.

ಪ್ರಶ್ನೆ: ಹಳೇ ಡಿ.ಸಿ. ಮೀಟರನ್ನು ಬಸ್ ಪಾರ್ಸೆಲ್‌ನಲ್ಲಿ ಬೆಂಗಳೂರಿಗೆ ಮಗನಿಗೆ ಕಳಿಸಬೇಕು. ದಾರಿಯಲ್ಲಿ ಮುಳ್ಳು ಮುರಿಯದಂತೆ ಏನು ಮಾಡಲಿ?
ಹಿರಿಯೂರಿನ ಓದುಗರು

ಉತ್ತರ: ಮೀಟರಿನ ಎರಡು ಟರ್ಮಿನಲ್‌ಗಳನ್ನು ಒಂದು ತಾಮ್ರದ ತಂತಿಯಿಂದ ಕೂಡಿಸಿ ಬಿಗಿ ಮಾಡಿ. ಬಸ್ ಕುಲುಕಿದಾಗ ಕಾಯಿಲ್ ಮ್ಯಾಗ್ನೆಟ್ ನಡುವೆ ಅಲ್ಲಾಡಿ ತಾನೇ ಸ್ವಲ್ಪ ಕರೆಂಟ್ ಹುಟ್ಟಿಸುತ್ತದೆ. ತಂತಿ ಇದ್ದರೆ ಆ ಕರೆಂಟ್ ಹರಿದು, ಅಲ್ಲಾಟಕ್ಕೇ ಬ್ರೇಕ್ ಹಾಕುತ್ತದೆ. ಕಟ್ಟುವ ಮೊದಲು ಮೀಟರನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ, ತಂತಿ ಇದ್ದಾಗ ಮುಳ್ಳು ಎಷ್ಟು ಮೆಲ್ಲಗೆ ಚಲಿಸುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಒಳಗೆ ದೊಡ್ಡ ಸೀರೀಸ್ ರೆಸಿಸ್ಟರ್ ಇರುವ ವೋಲ್ಟ್ ಮೀಟರಿಗೆ ಇದರ ಉಪಯೋಗ ಕಡಿಮೆ, ಎ.ಸಿ.ಯ ಮೂವಿಂಗ್ ಐರನ್ ಮೀಟರಿಗೆ ಇಲ್ಲವೇ ಇಲ್ಲ. ಅವಕ್ಕೆ ಸ್ಪಂಜನ್ನೇ ದಪ್ಪವಾಗಿ ಸುತ್ತಿ. ಬ್ಯಾಟರಿ ಇದ್ದರೆ ತೆಗೆದು ಬೇರೆ ಕಟ್ಟಿ. ಹಚ್ಚುವ ಮೊದಲು ತಂತಿ ಬಿಚ್ಚಬೇಕು ಅಂತ ಒಂದು ಚೀಟಿ ಬರೆದು ಮೀಟರಿಗೇ ಅಂಟಿಸಿ.